ಎಲ್‌ಇಡಿ ಕ್ಯೂಬ್: 512 ದೀಪಗಳಿಗೆ 72 ತಂತಿ

ಎಂಜಿನಿಯರಿಂಗ್‌ನ ಅಂತಿಮ ವರ್ಷದ ಪ್ರಾಜೆಕ್ಟಿಗೆ ನಮ್ಮ ತಂಡ ಆರಿಸಿಕೊಂಡದ್ದು 8×8×8 ಎಲ್‌ಇಡಿ ಕ್ಯೂಬ್. ಉದ್ದ, ಅಗಲ, ಎತ್ತರ ಮೂರಕ್ಕೂ ಎಂಟೆಂಟರಂತೆ ಒಟ್ಟು 512 ನೀಲಿ ದೀಪಗಳನ್ನು ಅವುಗಳ ಕಾಲುಗಳ ಆಧಾರದಲ್ಲೇ ನಿಲ್ಲಿಸಿ, ಯಾವುದನ್ನು ಬೇಕಾದರೂ ಪ್ರೋಗ್ರಾಂ ಮೂಲಕ ಬೆಳಗಿಸುವಂತೆ ಮಾಡಬೇಕಿತ್ತು. ಇದಕ್ಕೆ ಸಿದ್ಧ ಕಿಟ್‌ಗಳು ಸಿಗುತ್ತವೆ. ಆದರೆ ಕಿಟ್ ತಂದರೆ ವಿನ್ಯಾಸದ ಲೆಕ್ಕವನ್ನೆಲ್ಲ ಬೇರೆಯವರು ಆಗಲೇ ಮಾಡಿ ಮುಗಿಸಿರುತ್ತಾರೆ, ನಮಗೆ ಉಳಿಯುವುದು ಸೋಲ್ಡರಿಂಗ್ ಮಾತ್ರ.

ದೀಪಗಳನ್ನು ನಿಯಂತ್ರಿಸುವ ಆರ್ಡ್ಯುಯಿನೊ ಉನೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಬಳಕೆಗೆ ಸಿಗುವ ಪಿನ್‌ಗಳು 20. ದೀಪಕ್ಕೊಂದು ಪಿನ್ ಎಂಬ ಮಾತು ಅಲ್ಲಿಗೇ ಮುಗಿಯಿತು. ಹಾಗಾಗಿ ಒಂದು ಪದರದ 64 ದೀಪಗಳ ಕ್ಯಾಥೋಡ್‌ಗಳನ್ನು (ಋಣ ಕಾಲುಗಳನ್ನು) ಒಟ್ಟಿಗೆ ಸೇರಿಸಿ, ಒಂದರ ಮೇಲೊಂದು ನಿಲ್ಲುವ ಎಂಟು ದೀಪಗಳ ಆನೋಡ್‌ಗಳನ್ನು (ಧನ ಕಾಲುಗಳನ್ನು) ಒಂದು ಕಂಬವಾಗಿ ಜೋಡಿಸಿದೆವು. 64 ಕಂಬ, ಎಂಟು ಪದರ, ಒಟ್ಟು 72 ತಂತಿ. ಕಂಬಗಳನ್ನು 74ಎಚ್‌ಸಿ595 ಎಂಬ ಶಿಫ್ಟ್ ರಿಜಿಸ್ಟರ್‌ಗಳು, ಅಂದರೆ ಒಂದೇ ತಂತಿಯಲ್ಲಿ ಸಾಲಾಗಿ ಬರುವ ಬಿಟ್‌ಗಳನ್ನು ಎಂಟು ಪಿನ್‌ಗಳಿಗೆ ಹಂಚುವ ಚಿಪ್‌ಗಳು, ಎಂಟು ಸೇರಿ ನಡೆಸುತ್ತವೆ. ಯಾವುದೇ ಕ್ಷಣದಲ್ಲಿ ಉರಿಯುವುದು ಒಂದೇ ಪದರ. ಪ್ರತಿ ಪದರಕ್ಕೆ 1.25 ಮಿಲಿಸೆಕೆಂಡ್ ಕೊಟ್ಟರೆ ಸರದಿ ಇಡೀ ಕ್ಯೂಬನ್ನು ಸೆಕೆಂಡಿಗೆ ನೂರು ಬಾರಿ ಸುತ್ತಿ ಬರುತ್ತದೆ, ಕಣ್ಣಿಗೆ ಎಲ್ಲವೂ ಒಟ್ಟಿಗೆ ಉರಿದಂತೆ ಕಾಣುತ್ತದೆ.

ಈ ಉಪಾಯಕ್ಕೆ ತೆರಬೇಕಾದ ಬೆಲೆ ಬೆಳಕು. ಎಂಟರಲ್ಲಿ ಒಂದು ಪಾಲು ಸಮಯ ಮಾತ್ರ ಉರಿಯುವ ದೀಪ ಮಂಕಾಗುತ್ತದೆ, ಅದನ್ನು ಸರಿದೂಗಿಸಲು ಕರೆಂಟ್ ಹೆಚ್ಚಿಸೋಣವೆಂದರೆ 595ರ ಇಡೀ ಚಿಪ್‌ಗೆ ಡೇಟಾಶೀಟ್ (ತಯಾರಕರ ವಿವರಪತ್ರ) ವಿಧಿಸಿರುವ ಮಿತಿಯೇ ಸುಮಾರು 70 ಮಿಲಿಆಂಪ್. ಒಂದೊಂದು ಪಿನ್‌ನಿಂದ 20 ಮಿಲಿಆಂಪ್ ಎಳೆಯಬಹುದೆಂದು ಎಣಿಸಿದವರು ಎಂಟೂ ಪಿನ್ ಒಟ್ಟಿಗೆ ಉರಿಯುವ ಗಳಿಗೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. 5 ವೋಲ್ಟ್ ಪೂರೈಕೆಯಲ್ಲಿ ನೀಲಿ ದೀಪವೇ ಮೂರು ವೋಲ್ಟಿಗಿಂತ ತುಸು ಹೆಚ್ಚು ನುಂಗುವುದರಿಂದ, 220 ಓಮ್ ರೆಸಿಸ್ಟರ್ ಹಾಕಿದರೆ ದೀಪಕ್ಕೆ ಸುಮಾರು 7 ಮಿಲಿಆಂಪ್, ಚಿಪ್‌ಗೆ 56 ಮಿಲಿಆಂಪ್ ಬರುತ್ತದೆ. ಪರದೆ ಎಳೆದ ಲ್ಯಾಬಿನಲ್ಲಿ ಅಷ್ಟು ಬೆಳಕು ಧಾರಾಳವಾಗಿ ಸಾಕು.

ಪದರದ ಕಡೆ ಲೆಕ್ಕ ಬೇರೆ. 64 ದೀಪಗಳ ಕರೆಂಟ್, ಅಂದರೆ ಹತ್ತಿರ ಹತ್ತಿರ ಅರ್ಧ ಆಂಪ್, ಒಂದೇ ಸ್ವಿಚ್ ಮೂಲಕ ಹರಿಯಬೇಕು. ಲ್ಯಾಬಿನ ಡ್ರಾಯರ್‌ನಲ್ಲಿ ಬೇಕಾದಷ್ಟು ಸಿಗುವ ಬಿಸಿ547 ಟ್ರಾನ್ಸಿಸ್ಟರ್ ತಾಳುವುದು 100 ಮಿಲಿಆಂಪ್ ಮಾತ್ರ. ಟಿಐಪಿ122 ಟ್ರಾನ್ಸಿಸ್ಟರ್ ಕರೆಂಟನ್ನೇನೋ ತಾಳುತ್ತದೆ, ಆದರೆ ಡಾರ್ಲಿಂಗ್ಟನ್ (ಒಳಗೆ ಎರಡು ಟ್ರಾನ್ಸಿಸ್ಟರ್‌ಗಳ ಜೋಡಿ) ಆದ್ದರಿಂದ ಒಂದು ವೋಲ್ಟಿನ ಆಸುಪಾಸನ್ನು ತಾನೇ ಉಳಿಸಿಕೊಳ್ಳುತ್ತದೆ, ನೀಲಿ ದೀಪಕ್ಕೆ ಆ ನಷ್ಟ ದುಬಾರಿ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್, ಅಂದರೆ ಗೇಟ್ ಎಂಬ ಪಿನ್ನಿಗೆ ಕೊಡುವ ವೋಲ್ಟೇಜಿನಿಂದ ತೆರೆದುಕೊಳ್ಳುವ ಟ್ರಾನ್ಸಿಸ್ಟರ್, ಸರಿಹೊಂದಿತು. ಕೌಂಟರಿನಲ್ಲಿ ಹೆಸರು ಹೇಳುವಾಗ 'ಎಲ್' ಅಕ್ಷರವನ್ನು ಒತ್ತಿ ಹೇಳಬೇಕು, ಏಕೆಂದರೆ ಅದೇ ರೂಪದ ಐಆರ್‌ಎಫ್‌ಝಡ್44ಎನ್ 5 ವೋಲ್ಟ್ ಗೇಟಿಗೆ ಪೂರ್ತಿ ತೆರೆದುಕೊಳ್ಳುವ ಭರವಸೆಯಿಲ್ಲ. ಪ್ರತಿ ಗೇಟಿನಿಂದ ಸರ್ಕ್ಯೂಟಿನ ಗ್ರೌಂಡ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕುವುದು ಒಳ್ಳೆಯದು, ಇಲ್ಲದಿದ್ದರೆ ಪ್ರೋಗ್ರಾಂ ಎಚ್ಚರಗೊಳ್ಳುವ ಮೊದಲೇ ಕ್ಯೂಬ್ ಮನಬಂದಂತೆ ಹೊತ್ತಿಕೊಳ್ಳುತ್ತದೆ.

ಜೋಡಣೆಗೆ ಪ್ಲೈವುಡ್ ಹಲಗೆಯಲ್ಲಿ 5 ಮಿಲಿಮೀಟರಿನ 64 ತೂತುಗಳನ್ನು ಕೊರೆದು, ದೀಪಗಳನ್ನು ತಲೆಕೆಳಗಾಗಿ ಕೂರಿಸಿ, ಕ್ಯಾಥೋಡ್ ಕಾಲನ್ನು ಮಗ್ಗುಲಿಗೆ ಬಗ್ಗಿಸಿ ಪಕ್ಕದ ದೀಪದ ಕಾಲಿಗೆ ಸೋಲ್ಡರ್ ಮಾಡಬೇಕು. ತೂತುಗಳ ಅಂತರ 20 ಮಿಲಿಮೀಟರ್ ಇದ್ದರೆ ಕಾಲು ಪಕ್ಕದ ದೀಪವನ್ನು ಮುಟ್ಟಿಯೂ ಚೂರು ಉಳಿಯುತ್ತದೆ. ಪದರಗಳನ್ನು ಏರಿಸುವ ಮೊದಲು ಪ್ರತಿ ದೀಪವನ್ನೂ ಉರಿಸಿ ನೋಡಲೇಬೇಕು. ನಡುವಿನ ದೀಪವೊಂದು ಕೆಟ್ಟರೆ ಅಲ್ಲಿಯವರೆಗೆ ಸೋಲ್ಡರಿಂಗ್ ಐರನ್ ತೂರಿಸಲು ದಾರಿಯೇ ಇರುವುದಿಲ್ಲ. ದೀಪಗಳು ಮಸುಕು ಗಾಜಿನಂತೆ ಕಾಣುವ ಡಿಫ್ಯೂಸ್ಡ್ ಬಗೆಯವೇ ಆಗಿರಬೇಕು, ಪಾರದರ್ಶಕ ಎಲ್‌ಇಡಿ ಬೆಳಕನ್ನೆಲ್ಲ ನೇರವಾಗಿ ಮೇಲಕ್ಕೆ ಚೆಲ್ಲಿ ಪಕ್ಕದಿಂದ ನೋಡುವವನಿಗೆ ಮಂಕಾಗಿ ಕಾಣುತ್ತದೆ.

ಪ್ರೋಗ್ರಾಮಿನಲ್ಲಿ ಟೈಮರ್ ಇಂಟರಪ್ಟ್ (ನಿಗದಿತ ಅಂತರಕ್ಕೊಮ್ಮೆ ತಾನಾಗಿ ಓಡುವ ತುಣುಕು) ಒಂದೇ ಕೆಲಸ ಮಾಡುತ್ತದೆ: ಔಟ್‌ಪುಟ್ ಮುಚ್ಚಿ, ಹಳೆಯ ಪದರ ಆರಿಸಿ, ಎಂಟು ಹೊಸ ಬೈಟ್ ತಳ್ಳಿ, ಹೊಸ ಪದರ ತೆರೆಯುವುದು. ಈ ಕ್ರಮ ತಪ್ಪಿದರೆ ಒಂದು ಪದರದ ಚಿತ್ರ ಮುಂದಿನ ಪದರದಲ್ಲಿ ಛಾಯೆಯಾಗಿ ಮೂಡುತ್ತದೆ. ಒಂದು ಚಿತ್ರಕ್ಕೆ 64 ಬೈಟ್ ಬೇಕು. ಉನೊದ 32 ಕಿಲೋಬೈಟ್ ಫ್ಲ್ಯಾಶ್ ಮೆಮೊರಿ ಪೂರ್ತಿ ಖಾಲಿಯಿದ್ದರೂ ಹಿಡಿಯುವುದು 512 ಚಿತ್ರ, ಸೆಕೆಂಡಿಗೆ ಇಪ್ಪತ್ತರಂತೆ ತೋರಿಸಿದರೆ ಅರ್ಧ ನಿಮಿಷವೂ ಬಾಳದು. ಆದ್ದರಿಂದ ಅಲೆ, ಮಳೆ, ತಿರುಗುವ ಸಮತಲ ಎಲ್ಲವನ್ನೂ ಸೂತ್ರದಿಂದ ಆಯಾ ಕ್ಷಣಕ್ಕೆ ಹುಟ್ಟಿಸಿದೆವು. ಉಳಿದವು ಲ್ಯಾಪ್‌ಟಾಪಿನಿಂದ ಸೀರಿಯಲ್ ಸಂಪರ್ಕದ ಮೂಲಕ ಬರುತ್ತವೆ, 1,15,200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಸೆಕೆಂಡಿಗೆ ನೂರೈವತ್ತಕ್ಕೂ ಹೆಚ್ಚು ಚಿತ್ರ ಕಳಿಸಬಹುದು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎಲ್ಲರೂ ಎದುರಿಸುವ ಪ್ರಶ್ನೆ ನಮಗೂ ಬಂತು: "ಇದರ ಅಪ್ಲಿಕೇಷನ್ ಏನ್ರೀ?" ಕನ್ನಡಕವಿಲ್ಲದೆ ಸುತ್ತಲಿಂದಲೂ ನೋಡಬಹುದಾದ ಚಿತ್ರ ಎಂಬುದು ನಿಜವಾದ ಉತ್ತರವೇ, ಆದರೆ ಪೂರ್ತಿಯಲ್ಲ. ಇಲ್ಲಿ ಮುಂದಿನ ದೀಪ ಹಿಂದಿನದನ್ನು ಮರೆಮಾಡುವುದಿಲ್ಲ, ಹಾಗಾಗಿ ಗಟ್ಟಿ ವಸ್ತುವನ್ನು ತೋರಿಸಲಾಗದು. ಗೋಳದ ಒಳಗನ್ನೂ ತುಂಬಿದರೆ ಬೆಳಕಿನ ಮುದ್ದೆ ಕಾಣುತ್ತದೆ, ಹೊರಮೈಯನ್ನಷ್ಟೇ ಬೆಳಗಿಸಿದರೆ ಗೋಳ ಕಾಣುತ್ತದೆ.

ಜೂನಿಯರ್‌ಗಳು 16×16×16 ಮಾಡುವ ಉತ್ಸಾಹದಲ್ಲಿದ್ದಾರೆ. ಅದಕ್ಕೆ 4,096 ದೀಪ, 256 ಕಂಬ, 32 ರಿಜಿಸ್ಟರ್ ಬೇಕಾಗುತ್ತವೆ, ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ನಡುವಿನ ದೀಪ ಇನ್ನಷ್ಟು ಕೈಗೆಟುಕದಾಗುತ್ತದೆ. ನನ್ನನ್ನು ಕೇಳಿದರೆ ಎಂಟರ ಅಳತೆಯಲ್ಲೇ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಮೂರೂ ಒಂದರಲ್ಲೇ ಇರುವ) ದೀಪ ಹಾಕಿಕೊಳ್ಳಲಿ: 192 ಕಂಬ, 24 ರಿಜಿಸ್ಟರ್, ಮತ್ತು ಮುಂದಿನದು ಯಾವುದು, ಹಿಂದಿನದು ಯಾವುದು ಎಂದು ಬಣ್ಣದಿಂದಲೇ ಬೇರ್ಪಡಿಸುವ ಅನುಕೂಲ.