ಬಾವಿ ಕಟ್ಟೆಯ ಲೆಕ್ಕ

ಕಾಲೇಜ್ ಮ್ಯಾಗಜಿನ್‌ಗೆ ಏನಾದರೂ ಬರೆದು ಕೊಡು ಎಂದು ಸರ್ ಫೋನ್ ಮಾಡಿದ ದಿನ, ಶಿರಸಿಯ ಮನೆಯ ಅಟ್ಟ ಹತ್ತಿ ನನ್ನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸರ್ಟಿಫಿಕೇಟ್ ಹುಡುಕಿದೆ. ಸಿಕ್ಕಿತು. ಮಳೆಗಾಲದ ತೇವಕ್ಕೆ ಅಂಚೆಲ್ಲ ಬೂಸ್ಟು ಹಿಡಿದಿತ್ತು. ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಿದ್ದಾಳೆ, 7 ದಿನದ ಶಿಬಿರದಲ್ಲಿ ಭಾಗವಹಿಸಿದ್ದಾಳೆ ಎಂದು ಅದರಲ್ಲಿತ್ತು. ಅಷ್ಟೇ.

ನಾನು ಎನ್ನೆಸ್ಸೆಸ್ ಸೇರಿದ್ದು ದೇಶಸೇವೆಗೆ ಅಂತ ಹೇಳಿದರೆ ನನ್ನ ಹಾಸ್ಟೆಲ್ ರೂಮಿನವರು ನಕ್ಕಾರು. ಶಿಬಿರದಲ್ಲಿ ಊಟ ಚೆನ್ನಾಗಿರುತ್ತದೆ ಎಂದು ಸೀನಿಯರ್ ಒಬ್ಬಳು ಹೇಳಿದ್ದಳು, ಅದಕ್ಕೇ ಸೇರಿದ್ದು. ಎನ್ನೆಸ್ಸೆಸ್ ದಿನವಾದ ಸೆಪ್ಟೆಂಬರ್ 24 ಬಂತೆಂದರೆ ಸರ್ ಭಾಷಣ. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷ ಆದಾಗ, 37 ವಿಶ್ವವಿದ್ಯಾಲಯಗಳಲ್ಲಿ, ಸುಮಾರು 40 ಸಾವಿರ ವಿದ್ಯಾರ್ಥಿಗಳಿಂದ ಎನ್ನೆಸ್ಸೆಸ್ ಶುರುವಾಯಿತು ಎಂದು ಅವರು ಹೇಳುವಾಗ ಹಿಂದಿನ ಬೆಂಚಿನಲ್ಲಿ ನಾವೂ ಬಾಯಾಡಿಸುತ್ತಿದ್ದೆವು. ಅದೇನೋ ಈಗಲೂ ಬಾಯಿಪಾಠ. ಕಾರವಾರದ ಟಾಗೋರ್ ಕಡಲತೀರದ ಸ್ವಚ್ಛತೆಯಲ್ಲಿ ಅರ್ಧ ಗಂಟೆ ಕಸ, ಒಂದು ಗಂಟೆ ಫೋಟೊ. ಯಾರಾದರೂ ಅತಿಥಿ ಬಂದರೆ ಕುರ್ಚಿ ಹಾಕುವುದು, ಮುಗಿದ ಮೇಲೆ ಎತ್ತಿಡುವುದು. ಅದೂ ಗಂಟೆಯ ಲೆಕ್ಕಕ್ಕೆ ಸೇರುತ್ತಿತ್ತು.

2019ರ ಆಗಸ್ಟ್‌ನಲ್ಲಿ ಕಾಳಿ ನದಿ ಉಕ್ಕಿತು. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಕೆಳಗಿನ ಊರುಗಳ ಮನೆಗಳಿಗೆ ನೀರು ನುಗ್ಗಿತ್ತು. ನೀರು ಇಳಿದ ಮೇಲೆ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಕೆಸರಿನ ಗೆರೆ. ಅಂಗಳದಲ್ಲಿ ನೆನೆದ ಅಕ್ಕಿ ಹುಳಿ ನಾತ ಹೊಡೆಯುತ್ತಿತ್ತು. ಮೊದಲ ಎರಡು ದಿನ ಬರೀ ಕೆಸರು ಬಳಿದೆವು. ಮೂರನೆಯ ದಿನ ಆರೋಗ್ಯ ಸಹಾಯಕರೊಬ್ಬರು ಬಂದು, "ಬಿಎಸ್ಸಿ ಯಾರಿದ್ದೀರಿ? ಲೆಕ್ಕ ಬರುವವರು ಬನ್ನಿ" ಎಂದರು. ನಾನೂ ನನ್ನ ಗೆಳತಿಯೂ ಕೈ ಎತ್ತಿದೆವು. ಕೆಸರಿನಿಂದ ತಪ್ಪಿಸಿಕೊಳ್ಳಲಿಕ್ಕೆ, ಮತ್ತೇನಲ್ಲ.

ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವ ಕೆಲಸ. ನೆರೆ ನೀರು ಹೊಕ್ಕ ಬಾವಿಗಳನ್ನು ಪಂಪ್ ಹಚ್ಚಿ ಖಾಲಿ ಮಾಡಿ, ಹೂಳು ತೆಗೆದಿದ್ದರು. ಹೊಸ ನೀರು ಬಂದಿತ್ತು. ಸಾವಿರ ಲೀಟರ್‌ಗೆ 2.5 ಗ್ರಾಂ ಪುಡಿ, ಬಾವಿಯಲ್ಲಿ ಎಷ್ಟು ನೀರಿದೆ ನೀವೇ ಲೆಕ್ಕ ಹಾಕಿ ಎಂದರು. ಆಳ ಅಳೆಯುವುದು ಹೇಗೆ ಎಂದು ನಾವು ಮುಖ ಮುಖ ನೋಡಿಕೊಂಡೆವು. ಅವರು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಟ್ಟು, ಮೇಲೆಳೆದು, ಹಗ್ಗ ಒದ್ದೆಯಾದಷ್ಟನ್ನು ಟೇಪಿನಲ್ಲಿ ಅಳೆದರು. 4 ಮೀಟರ್. ಬಾವಿಯ ಅಗಲ 2 ಮೀಟರ್. ಪೈ ಆರ್ ಸ್ಕ್ವೇರ್ ಎಚ್. ಹೈಸ್ಕೂಲಿನಿಂದ ನೂರು ಸಲ ಮಾಡಿದ ಲೆಕ್ಕ. ಚಕಚಕ ಮಾಡಿ, ಪಕ್ಕದ ಅಂಗಡಿಯ ತಕ್ಕಡಿಯಲ್ಲಿ 125 ಗ್ರಾಂ ತೂಗಿ ತಂದೆವು.

ಅವರು ಪೊಟ್ಟಣ ನೋಡಿ, "ಇದು ಬಾವಿಯೋ ಕೆರೆಯೋ ತಂಗಿ?" ಎಂದರು.

ಆರ್ ಎಂದರೆ ಅಗಲದ ಅರ್ಧ, ಆ ಜಾಗಕ್ಕೆ ಇಡೀ ಅಗಲವನ್ನೇ ಹಾಕಿದ್ದೆವು. ನಾಲ್ಕು ಪಟ್ಟು ಜಾಸ್ತಿ. ಇದ್ದದ್ದು 12,560 ಲೀಟರ್, ಬೇಕಾದದ್ದು 31 ಗ್ರಾಂ. ಪರೀಕ್ಷೆಯಲ್ಲಾಗಿದ್ದರೆ ಎರಡು ಮಾರ್ಕ್ಸ್ ಹೋಗುತ್ತಿತ್ತು. ಅವರು ಬೈಯಲಿಲ್ಲ. ಬಕೆಟ್ಟಿನಲ್ಲಿ ಪುಡಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಬಾವಿಗೆ ಬಿಡಬೇಕು, ತಳದ ಬಿಳಿ ಗಸಿ ಸುಣ್ಣ, ಅದು ಬಾವಿಗೆ ಬೀಳಬಾರದು ಎಂದು ತೋರಿಸಿದರು. ತಿಳಿ ತುಂಬಿದ ಬಕೆಟ್ಟನ್ನು ನೀರಿನೊಳಗೆ ಮುಳುಗಿಸಿ ಮೇಲೆ ಕೆಳಗೆ ಎಳೆದಾಡಿದೆವು. ರಟ್ಟೆ ಬಿದ್ದುಹೋಯಿತು.

ಇಷ್ಟಾದರೂ ಮನೆಯ ಅಜ್ಜಿ ಆ ನೀರು ಮುಟ್ಟಲು ಒಪ್ಪಲಿಲ್ಲ. ಔಷಧಿ ವಾಸನೆಯ ನೀರಿನಲ್ಲಿ ಮೀನು ಸಾರು ಕೆಡುತ್ತದಂತೆ. ಅಜ್ಜಿಗೆ ಕೊಂಕಣಿ ಬಿಟ್ಟರೆ ಬೇರೆ ಬಾರದು, ನನಗೆ ಕೊಂಕಣಿಯಲ್ಲಿ ಬರುತ್ತಿದ್ದದ್ದು 'ಉದಾಕ್' ಒಂದೇ. ಗೆಳತಿ ಕಾರವಾರದವಳು. ನಾನು ವಿಜ್ಞಾನ ಹೇಳುವುದು, ಅವಳು ಅದನ್ನು ಬಿಟ್ಟು ಬೇರೆ ಏನೋ ಹೇಳುವುದು. ಕೊನೆಗೆ ಅಜ್ಜಿ ಒಂದು ಚೊಂಬು ನನ್ನ ಮುಂದೆ ಇಟ್ಟರು. ಮೊದಲು ನೀನು ಕುಡಿ ಎಂದು. ಒಂದು ಗಂಟೆ ಕಾದು, ನೀರು ಸೇದಿ, ಕುಡಿದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಒಲೆಯ ಮೇಲೆ ಚಹಾಕ್ಕೆ ಇಟ್ಟರು.

ಡಿಗ್ರಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಒಂದು ಇಂಟರ್‌ವ್ಯೂ. ಸರ್ಟಿಫಿಕೇಟ್ ತಿರುವಿ ನೋಡಿದವರು, "ಎನ್ನೆಸ್ಸೆಸ್ ಅಂದ್ರೆ ಗಿಡ ನೆಡೋದು, ಕಸ ಗುಡಿಸೋದು ಅಲ್ವಾ?" ಎಂದರು. ನಾನು "ಹೌದು ಸರ್" ಎಂದೆ! ಬಸ್ಸಿನಲ್ಲಿ ಯಲ್ಲಾಪುರ ದಾಟುವವರೆಗೂ ಅವರ ಮೇಲೆ ಸಿಟ್ಟು. ಆಮೇಲೆ ಅದು ನನ್ನ ಮೇಲೇ ತಿರುಗಿತು. ಅವರಿಗೆ ಗೊತ್ತಿಲ್ಲದ್ದು ಸರಿ, ನನಗೇ ಗೊತ್ತಿರಲಿಲ್ಲವಲ್ಲ.

ಎರಡನೆಯದು ನೀರು ಪರೀಕ್ಷೆ ಮಾಡುವ ಲ್ಯಾಬ್. ಲೆಕ್ಕದಲ್ಲಿ ಯಾವಾಗಲಾದರೂ ತಪ್ಪಿದ್ದೀರಾ ಎಂದು ಕೇಳಿದರು. 125 ಗ್ರಾಂ ಕತೆ ಹೇಳಿದೆ. ಅವರು ನಗುತ್ತ, ಒದ್ದೆ ಹಗ್ಗ, ಬಿಳಿ ಗಸಿ, ಅಜ್ಜಿಯ ಚೊಂಬು ಎಲ್ಲ ಕೆದಕಿ ಕೆದಕಿ ಕೇಳಿದರು. ಅದಕ್ಕೇ ಕೆಲಸ ಸಿಕ್ಕಿತು ಎನ್ನಲಾರೆ. ಆ ಸಂಬಳಕ್ಕೆ ಬೇರೆ ಯಾರೂ ಬಂದಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಈಗ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಅಂಕದ, ಮಾತು ಜೋರಾಗಿದೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ಆ ಲೆಕ್ಕದಲ್ಲಿ ನನ್ನ 240 ಗಂಟೆಗೆ 8 ಆಗಬೇಕು. ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಕುರ್ಚಿ ಹಾಕಿದ್ದೂ ಗಂಟೆ, ಬಾವಿ ಅಳೆದದ್ದೂ ಗಂಟೆ. ನಮ್ಮ ಕಾಲೇಜಿನವರು ಸರ್ಟಿಫಿಕೇಟಿನ ಹಿಂಬದಿ ಖಾಲಿ ಬಿಡದೆ, ಅಲ್ಲಿ ಮೂರು ಸಾಲು ವಿದ್ಯಾರ್ಥಿಯಿಂದಲೇ ಬರೆಸಬಾರದೇ? ಏನು ಮಾಡಿದೆ, ಎಲ್ಲಿ ತಪ್ಪಿತು, ಯಾರು ತಿದ್ದಿದರು. ಕೆಳಗೆ ಪ್ರಾಂಶುಪಾಲರ ಸಹಿಯ ಜೊತೆಗೆ ತಿದ್ದಿದವರ ಸಹಿಯೂ ಇರಲಿ. ನನ್ನದರಲ್ಲಿ ಆ ಆರೋಗ್ಯ ಸಹಾಯಕರ ಸಹಿ ಇದ್ದಿದ್ದರೆ ಹುಬ್ಬಳ್ಳಿಯಲ್ಲಿ ನಾನು ಹಾಗೆ ತಲೆ ಆಡಿಸುತ್ತಿರಲಿಲ್ಲ.

ಚಿಕ್ಕಪ್ಪನ ಮಗಳು ಈಗ ಇದೇ ಕಾಲೇಜಿನಲ್ಲಿ ಎರಡನೇ ವರ್ಷ. ಮೊನ್ನೆ ಭಾನುವಾರ ಕಡಲತೀರ ಸ್ವಚ್ಛತೆ ಮುಗಿಸಿ ಫೋನ್ ಮಾಡಿದ್ದಳು.

"ಏನು ಸಿಕ್ತೇ?" ಎಂದೆ.

"ಬಾಟಲಿಗಿಂತ ಬಲೆ ತುಂಡು, ಹಗ್ಗವೇ ಜಾಸ್ತಿ ಅಕ್ಕಾ. ಬಂಡೆ ಇರುವ ಕಡೆ ರಾಶಿ, ಬರೀ ಮರಳು ಇರುವ ಕಡೆ ಕಡಿಮೆ. ಯಾಕೆ ಅಂತ ಅಲ್ಲಿದ್ದ ಮೀನುಗಾರರೊಬ್ಬರನ್ನು ಕೇಳಿದೆ, ಅರ್ಧ ಗಂಟೆ ಹೇಳಿದರು."

"ಬರೆದಿಟ್ಟಿದ್ದೀಯಾ?"

"ಇಲ್ಲಪ್ಪ. ಫೋಟೊ ಇದೆ, ಕಳಿಸ್ಲಾ?"