ಮೊದಲ ದವಡೆ ಹಲ್ಲಿನ ಆರಂಭದ ಹುಳುಕು: ಸೀಲೆಂಟ್, ವಾರ್ನಿಷ್, ಬೆಳ್ಳಿಯ ದ್ರಾವಣ

ಆರನೆಯ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲನ್ನು ಬಹುಪಾಲು ತಂದೆತಾಯಂದಿರು ಹಾಲುಹಲ್ಲೆಂದೇ ತಿಳಿದಿರುತ್ತಾರೆ. ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ತಾನಾಗಿ ಮೂಡುವುದರಿಂದ ಅದು ಹೊಸ ಹಲ್ಲೆಂದು ಯಾರಿಗೂ ಅನಿಸುವುದಿಲ್ಲ. ಮಕ್ಕಳ ದಂತವೈದ್ಯೆಯಾಗಿ ನಾನು ನೋಡುವ ಹುಳುಕಿನಲ್ಲಿ ದೊಡ್ಡ ಪಾಲು ಈ ಹಲ್ಲಿನದೇ. ಅದರ ಮೇಲಿನ ಸೀಳುಗಳು ಬ್ರಷ್ಷಿನ ಎಳೆಯೂ ತಳ ಮುಟ್ಟದಷ್ಟು ಕಿರಿದಾಗಿರುತ್ತವೆ. ಒದ್ದೆಯಿದ್ದಾಗ ಸರಿಯಾಗಿಯೇ ಕಾಣುವ ಸೀಳಿಗೆ ಐದು ಸೆಕೆಂಡು ಗಾಳಿ ಹಾಯಿಸಿದರೆ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಅದೇ ಆರಂಭದ ಹುಳುಕು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಇನ್ನೂ ಒಡೆದಿರದ ಈ ಹಂತದಲ್ಲಿ ಕೊರೆಯುವ ಅಗತ್ಯವಿಲ್ಲ.

ಸೀಲೆಂಟ್ ಎಂದರೆ ಸೀಳುಗಳನ್ನು ಮುಚ್ಚುವ ರಾಳದ ಪದರ. ಅದನ್ನು ಹಾಕುವಾಗ ಫಾಸ್ಫಾರಿಕ್ ಆಮ್ಲ ಹಚ್ಚಿ, ತೊಳೆದು, ಒಣಗಿಸಿ, ಹಲ್ಲು ಮಂಜು ಕವಿದ ಗಾಜಿನಂತೆ ಮಸುಕಾದ ಮೇಲೆ ರಾಳವನ್ನು ಸೀಳಿಗಿಳಿಸಿ ಬೆಳಕಿನಿಂದ ಗಟ್ಟಿಗೊಳಿಸುತ್ತೇವೆ. ಹುಳುಕನ್ನು ಒಳಗೇ ಇಟ್ಟು ಮುಚ್ಚುತ್ತೀರಾ ಎಂದು ಕೇಳುವವರಿದ್ದಾರೆ. ಆದರೆ ಬಾಯಿಯಿಂದ ಸಕ್ಕರೆ ಸಿಗದಂತೆ ಮುಚ್ಚಿಹೋದ ಬ್ಯಾಕ್ಟೀರಿಯಾ ಆಮ್ಲ ಉತ್ಪಾದಿಸಲಾರದ್ದರಿಂದ, ಮುಚ್ಚಳ ಗಟ್ಟಿಯಾಗಿರುವವರೆಗೆ ಆರಂಭದ ಹುಳುಕು ಅಲ್ಲಿಯೇ ನಿಲ್ಲುತ್ತದೆ. ಅಡ್ಡಿಯಾಗುವುದು ಜೊಲ್ಲು. ಆಮ್ಲ ತೊಳೆದ ಮೇಲೆ ಹಲ್ಲಿಗೆ ಒಂದು ಹನಿ ತಗುಲಿದರೂ ಮೊದಲಿನಿಂದ ಆರಂಭಿಸಬೇಕು. ಹಲ್ಲು ಅರ್ಧವಷ್ಟೇ ಮೂಡಿ, ಹಿಂಭಾಗವನ್ನು ವಸಡು ಮುಚ್ಚಿಕೊಂಡಿದ್ದರೆ ರಾಳದ ಹಟ ಬಿಟ್ಟು, ತೇವವನ್ನು ಸಹಿಸುವ ಗ್ಲಾಸ್ ಅಯನೊಮರ್ ಎಂಬ ಸಿಮೆಂಟನ್ನು ಹಾಕುತ್ತೇನೆ. ಅದು ಬೇಗ ಉದುರಬಹುದು, ಆದರೂ ಹಲ್ಲು ಪೂರ್ತಿ ಹೊರಬರುವ ತನಕದ ಕಾವಲಿಗೆ ಸಾಕು.

ವಾರ್ನಿಷ್ ಎಂದರೆ ಹಲ್ಲಿನ ಮೇಲೆ ಹಚ್ಚುವ ಶೇ. 5ರ ಸೋಡಿಯಂ ಫ್ಲೋರೈಡ್ ಲೇಪ. ಹಚ್ಚಲು ಒಂದೆರಡು ನಿಮಿಷ ಸಾಕು, ಹೆದರುವ ಮಗುವಿಗೂ ಸಾಧ್ಯ. ಆದರೆ ಮೂರರಿಂದ ಆರು ತಿಂಗಳಿಗೊಮ್ಮೆ ಮರಳಿ ಹಚ್ಚಬೇಕು. ದಕ್ಷಿಣ ವೇಲ್ಸಿನ ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳನ್ನು ಮೂರು ವರ್ಷ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಹಲ್ಲುಗಳಲ್ಲಿ ಎನಾಮಲ್‌ನ ಒಳಗಿನ ಪದರವಾದ ಡೆಂಟೀನ್‌ವರೆಗೆ ಇಳಿದ ಹುಳುಕು ಸೀಲೆಂಟ್ ಗುಂಪಿನ ಶೇ. 19.6, ವಾರ್ನಿಷ್ ಗುಂಪಿನ ಶೇ. 17.5 ಮಕ್ಕಳಲ್ಲಿ ಕಂಡಿತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಇದು ವ್ಯತ್ಯಾಸವೇ ಅಲ್ಲ. ಆದರೆ ಅಲ್ಲಿ ಸಂಚಾರಿ ಚಿಕಿತ್ಸಾಲಯ ಆರು ತಿಂಗಳಿಗೊಮ್ಮೆ ಶಾಲೆಯ ಬಾಗಿಲಿಗೇ ಹೋಗುತ್ತಿತ್ತು. ಮತ್ತೆ ಯಾವಾಗ ಬರುವರೋ ಹೇಳಲಾಗದ ಮಗುವಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲು ನಾನು ಒಪ್ಪುವುದಿಲ್ಲ. ಅಂಥ ಮಗುವಿಗೆ ಸಾಧ್ಯವಿದ್ದರೆ ಅಂದೇ ಸೀಲೆಂಟ್ ಹಾಕಿ, ಮೇಲೆ ವಾರ್ನಿಷನ್ನೂ ಹಚ್ಚಿ ಕಳುಹಿಸುತ್ತೇನೆ. ಅಮೆರಿಕದ ದಂತವೈದ್ಯ ಸಂಘದ 2018ರ ಮಾರ್ಗಸೂಚಿಯೂ ಗುಳಿ ಬೀಳದ ಸೀಳಿನ ಹುಳುಕಿಗೆ ಎರಡನ್ನೂ ಒಟ್ಟಿಗೆ ಬಳಸುವುದನ್ನು ಸೂಚಿಸುತ್ತದೆ.

ಶೇ. 38ರ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ಬೆಳ್ಳಿಯ ದ್ರಾವಣ ಗುಳಿ ಬಿದ್ದ ಹುಳುಕನ್ನೂ ತಡೆಯಬಲ್ಲದು. ಹುಳುಕಿದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎಂಬುದನ್ನು ಮೊದಲೇ ಚಿತ್ರ ತೋರಿಸಿ ಹೇಳಿ ಒಪ್ಪಿಗೆ ಪಡೆಯಬೇಕು.

ಪಾವಗಡದ ಕಡೆಯಿಂದ ಬರುವವರ ಆತಂಕ ಬೇರೆ. ‘ನೀರಿನ ಫ್ಲೋರೈಡಿನಿಂದಲೇ ಹಲ್ಲು ಹೀಗಾಗಿದೆ, ಮತ್ತೆ ಅದನ್ನೇ ಹಚ್ಚುತ್ತೀರಾ ಮೇಡಂ?’ ಎಂದು ತಾಯಿಯೊಬ್ಬರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಫ್ಲೋರೈಡ್ ಅತಿಯಾಗಿ ಹಲ್ಲಿನಲ್ಲಿ ಕಲೆ ಮೂಡುವ ಫ್ಲೋರೋಸಿಸ್ ಉಂಟಾಗುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಕುಡಿದ ನೀರಿನಿಂದ. ಹುಟ್ಟಿಬಂದ ಹಲ್ಲಿನ ಮೇಲೆ ಹಚ್ಚುವ ಕೆಲವು ಹನಿಯಿಂದ ಆ ಹಲ್ಲಿನಲ್ಲಿ ಹೊಸ ಕಲೆ ಮೂಡುವುದಿಲ್ಲ. ಎರಡೂ ಬದಿಯ ಹಲ್ಲುಗಳಲ್ಲಿ ಸಮನಾಗಿ ಅಡ್ಡಡ್ಡ ಹರಡಿದ ಬಿಳುಪು ಫ್ಲೋರೋಸಿಸ್‌ನದು. ಪಾಚಿ ಕೂರುವ ಸೀಳಿನ ಅಂಚಿಗಷ್ಟೇ ಅಂಟಿಕೊಂಡದ್ದು ಹುಳುಕಿನದು. ಕನ್ನಡಿ ಹಿಡಿದು ಇದನ್ನು ತೋರಿಸಿದ ಮೇಲೆ ಆ ತಾಯಿ ಒಪ್ಪಿದರು. ಫ್ಲೋರೋಸಿಸ್ ಇರುವ ಎನಾಮಲ್ ಆಮ್ಲಕ್ಕೆ ಸುಲಭವಾಗಿ ಬಗ್ಗದ್ದರಿಂದ ಸೀಲೆಂಟಿಗೆ ಮುನ್ನ ಆಮ್ಲವನ್ನು ತುಸು ಹೆಚ್ಚು ಹೊತ್ತು ಬಿಡುತ್ತೇನೆ.

ಮಗು ಮರಳಿ ಬಂದಾಗ ಮೊದಲು ಸೀಲೆಂಟಿನ ಅಂಚಿನುದ್ದಕ್ಕೂ ಸಲಾಕೆಯನ್ನು ಹಗುರವಾಗಿ ಎಳೆದು ನೋಡುತ್ತೇನೆ. ಎಲ್ಲಾದರೂ ಚೂರು ಎದ್ದಿದ್ದರೆ, ಗಟ್ಟಿಯಾಗಿ ಉಳಿದದ್ದನ್ನು ಕೀಳದೆ, ಖಾಲಿಯಾದ ಭಾಗಕ್ಕಷ್ಟೇ ಮತ್ತೆ ಆಮ್ಲ ಹಚ್ಚಿ ರಾಳ ತುಂಬಿದರೆ ಸಾಕು.