ಎರಡಕ್ಷರದ ಕಡ್ಡಿ, ಐದು ಎಂದ ಪೈಥಾನ್

ಹುಬ್ಬಳ್ಳಿ, 16 ಜನವರಿ 2025, ಗುರುವಾರ

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಮೆಣಸಿನಕಾಯಿ ಲೆಕ್ಕದ ಸಾಫ್ಟ್‌ವೇರ್ ಮಾಡ್ತಿದ್ದೇವೆ. ಬರೆಯೋಕೆ ಪೈಥಾನ್ ಭಾಷೆ, ಲೆಕ್ಕ ಇಡೋಕೆ ಎಸ್‌ಕ್ಯೂಲೈಟ್ ಡೇಟಾಬೇಸ್, ಅಷ್ಟೇ. ಊಟ ಮುಗಿಸಿ ಬಂದರೆ ಹೊಸ ಹುಡುಗ ತಲೆ ಕೆರೆದುಕೊಳ್ತಾ ಕೂತಿದ್ದ. "ಸರ್, ನಾ ಒಂದ ಕೊಟ್ಟೀನ್ರಿ, ಇದು ನೋಡಿದ್ರ ಐದು ಬಂದಾವು ಅಂತೈತಿ."

ಕ್ವೆರಿ, ಅಂದ್ರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಸರಿಯಾಗೇ ಇತ್ತು. ಮೆಣಸಿನಕಾಯಿ ತಳಿಯ ಜಾಗದಲ್ಲಿ ? ಇಟ್ಟು, ಮೌಲ್ಯವನ್ನು ಕಂಸದೊಳಗೆ ಬೇರೆಯಾಗಿ ಕೊಟ್ಟಿದ್ದ. ಆದರೆ ಕಂಸ ಹಾಕಿದ ಮಾತ್ರಕ್ಕೆ ಪೈಥಾನ್‌ನಲ್ಲಿ ಟ್ಯೂಪಲ್ (ಒಂದು ಬಗೆಯ ಪಟ್ಟಿ) ಆಗಲ್ಲ, ಒಂದೇ ಮೌಲ್ಯ ಇದ್ದಾಗ ಅದರ ನಂತರ ಒಂದು ಕಾಮಾ ಬೇಕೇ ಬೇಕು. ಕಾಮಾ ಬಿಟ್ಟರೆ ಹೋಗುವುದು ಬರೀ ಸ್ಟ್ರಿಂಗ್, ಅಂದ್ರೆ ಅಕ್ಷರಗಳ ಸಾಲು, ಪೈಥಾನ್ ಅದನ್ನೇ ಪಟ್ಟಿ ಅಂದುಕೊಂಡು ಒಂದೊಂದು ಅಕ್ಷರಕ್ಕೂ ಒಂದೊಂದು ? ಎಲ್ಲಿ ಅಂತ ಕೇಳುತ್ತದೆ. ಅವನು ಕೊಟ್ಟಿದ್ದು 'ಕಡ್ಡಿ' ತಳಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ ಅಲ್ವಾ? ಕಂಪ್ಯೂಟರ್ ಬಳಸುವ ಯೂನಿಕೋಡ್ ಅಕ್ಷರ ಲೆಕ್ಕದಲ್ಲಿ ಕ, ಡ, ಹಲಂತ, ಇನ್ನೊಂದು ಡ, ಕೊನೆಗೆ ಗುಡಿಸು. ಐದು! ಇನ್ನೊಂದು ತಳಿ 'ಡಬ್ಬಿ' ಕೊಟ್ಟಿದ್ದರೂ ಐದೇ. ಮಜಾ ಏನಂದ್ರೆ ಬೆಳಗ್ಗೆಯೆಲ್ಲ ಇಂಗ್ಲಿಷಿನ ಎ, ಬಿ ಅಂತ ಒಂದೊಂದೇ ಅಕ್ಷರದ ಗ್ರೇಡ್ ಹಾಕಿ ಟೆಸ್ಟ್ ಮಾಡಿದ್ದ, ಅಲ್ಲಿ ಒಂದು ಅಕ್ಷರಕ್ಕೆ ಒಂದು ? ಸರಿಹೊಂದಿ ಎಲ್ಲ ಪಾಸ್ ಆಗಿತ್ತು.

"ಸುಮ್ನ ಎಫ್-ಸ್ಟ್ರಿಂಗ್ ಹಾಕಿಬಿಡ್ಲೇನ್ರಿ?" ಅಂದ. ಅಂದ್ರೆ ? ಬಿಟ್ಟು ಮೌಲ್ಯವನ್ನು ನೇರ ಕ್ವೆರಿಯ ಸಾಲಿನೊಳಗೇ ಸೇರಿಸೋದು. ಬೇಡಪ್ಪ. ಖರೀದಿದಾರರ ಹೆಸರು ಡಿ'ಸೋಜಾ ಅಂತ ಬಂದರೆ ಆ ಒಂಟಿ ಕೋಟ್‌ಗೇ ಕ್ವೆರಿ ಮುರಿದು ಬೀಳುತ್ತದೆ. ಬೇಕಂತಲೇ ಯಾರಾದರೂ ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಭಾಷೆಯ ಆಜ್ಞೆ ತುರುಕಿದರೆ ಊರವರ ಖಾತೆಯೆಲ್ಲ ಬಯಲಾಗುತ್ತದೆ. ? ಇದ್ದಾಗ ಹಾಗಲ್ಲ, ಎಸ್‌ಕ್ಯೂಲೈಟ್ ಮೊದಲು ಕ್ವೆರಿಯನ್ನು ಓದಿ ಅರ್ಥಮಾಡಿಕೊಂಡಿರುತ್ತದೆ, ಆಮೇಲೆ ಬರುವ ಹೆಸರಲ್ಲಿ ಏನೇ ಇರಲಿ ಅದು ಬರೀ ಹೆಸರು.

ಸಂಜೆ ಇನ್ನೊಂದು ಸಿಕ್ಕಿತು. ದರದ ಪ್ರಕಾರ ಜೋಡಿಸೋಕೆ ಕ್ವೆರಿಯಲ್ಲಿ ಆರ್ಡರ್ ಬೈ ಅನ್ನೋ ಪದಗಳ ನಂತರ ? ಇಟ್ಟು ಕಾಲಂ ಹೆಸರು ಕಳಿಸಿದ್ದ. ಎರರ್ ಇಲ್ಲ, ಜೋಡಣೆಯೂ ಇಲ್ಲ. ನನ್ನ ಪ್ರಕಾರ ಇದೇ ಜಾಸ್ತಿ ಅಪಾಯ, ಐದು ಅಂತ ಬೈದು ಹೇಳೋ ಎರರ್ ಎಷ್ಟೋ ವಾಸಿ. ? ಮೂಲಕ ಹೋಗುವುದು ಮೌಲ್ಯ ಮಾತ್ರ, ಕಾಲಂ ಹೆಸರು, ಟೇಬಲ್ ಹೆಸರು ಹೋಗಲ್ಲ. ಪ್ರತಿ ಸಾಲಿಗೂ 'ದರ' ಅನ್ನೋ ಅದೇ ಪದ ಸಿಕ್ಕರೆ ಅದು ಯಾವುದನ್ನು ಮೇಲೆ ಇಡಬೇಕು? ಅದಕ್ಕೇ ದರ, ತೂಕ, ದಿನಾಂಕ ಇಷ್ಟನ್ನೇ ಒಂದು ಪಟ್ಟಿಯಲ್ಲಿ ಬರೆದಿಟ್ಟು, ಬಂದ ಹೆಸರು ಅದರಲ್ಲಿದ್ದರೆ ಮಾತ್ರ ಎಫ್-ಸ್ಟ್ರಿಂಗ್‌ನಲ್ಲಿ ಸೇರಿಸು ಅಂದೆ.

"ಈಗರ ಬ್ಯಾಡ ಅಂದ್ರಲ್ರೀ!" ಅಂತ ನಕ್ಕ.